ಮುತ್ತೋ, ಕಣ್ಣೀರೋ? – ಮಳೆಹನಿಯ ಆಕಾರದ ಇತಿಹಾಸ

ಉದ್ಯೋಗ ನಿಮಿತ್ತ ತಾಯ್ನಾಡನ್ನು ಬಿಟ್ಟು ಚೆನ್ನೈಯಲ್ಲಿ ನೆಲಸಿದ ನಮಗೆ ಮೊದಲ ವರ್ಷವೇ ಅರಿವಾಗುವ ಒಂದು ಸಂಗತಿಯೆಂದರೆ, ಇಲ್ಲಿ ಮಳೆಯ ಪಂಚಾಂಗವೇ ಬೇರೆ. ಊರಿನಲ್ಲಿ ಆರಿದ್ರೆ, ಪುನರ್ವಸು, ಪುಷ್ಯ ಎಂದು ನಕ್ಷತ್ರಗಳ ಹೆಸರು ಹಿಡಿದು ಮಳೆಯನ್ನು ಲೆಕ್ಕ ಹಾಕುವ ಜೂನ್, ಜುಲೈ ತಿಂಗಳುಗಳಲ್ಲಿ ಇಲ್ಲಿ ಬಿಸಿಲು ಇನ್ನೂ ಕಾಯುತ್ತಿರುತ್ತದೆ. ಅಲ್ಲಿ ಮುಂಗಾರು ಹಿಂದೆ ಸರಿದು ದೀಪಾವಳಿಯ ಸಿದ್ಧತೆ ನಡೆಯುವ ಹೊತ್ತಿಗೆ ಇಲ್ಲಿ ಕಡಲ ಕಡೆಯಿಂದ ಮೋಡ ಏಳುತ್ತದೆ. ಚೆನ್ನೈಯಲ್ಲಿ ವರ್ಷಕ್ಕೆ ಸುಮಾರು 1,400 ಮಿಲಿಮೀಟರ್ ಮಳೆಯಾಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರಿನ ಕೊಡುಗೆ.

ಎರಡು ಮಳೆಗಾಲಗಳನ್ನು ಕಂಡ ನಮ್ಮ ಮನೆಗಳಲ್ಲಿ ಮಳೆಯ ಮಾತಿಗೆ ಬರವಿಲ್ಲ. ಎಷ್ಟು ಸೆಂಟಿಮೀಟರ್ ಬಿತ್ತು, ಕೆರೆ ಎಷ್ಟು ತುಂಬಿತು, ಶಾಲೆಗೆ ರಜೆ ಉಂಟೋ ಇಲ್ಲವೋ ಎಂದೆಲ್ಲ ವಿಚಾರಿಸುತ್ತೇವೆ. ಆದರೆ ಬೀಳುವ ಹನಿ ನೋಡಲು ಹೇಗಿರುತ್ತದೆ ಎಂದು ಕೇಳುವವರು ಅಪರೂಪ. ಕೇಳಿದರೆ, ಮಕ್ಕಳು ಕೂಡಲೇ ಕಾಗದ ತೆಗೆದುಕೊಂಡು ಕೆಳಗೆ ದುಂಡಗೆ, ಮೇಲೆ ಚೂಪಾಗಿ ಒಂದು ಚಿತ್ರ ಬರೆದು ತೋರಿಸುತ್ತಾರೆ. ದೊಡ್ಡವರು ಬರೆದರೂ ಅದೇ ಚಿತ್ರ. ಪಠ್ಯಪುಸ್ತಕದಲ್ಲಿ, ಜಾಹೀರಾತಿನಲ್ಲಿ, ದೂರದರ್ಶನದ ಹವಾ ವರ್ತಮಾನದಲ್ಲಿ ಎಲ್ಲೆಲ್ಲೂ ಅದೇ ಕಣ್ಣೀರಿನ ಆಕಾರ.

ಆಕಾಶದಿಂದ ಬೀಳುವ ಮಳೆಹನಿಗೆ ಆ ಚೂಪು ತುದಿ ಇಲ್ಲವೆಂಬುದು ಗೊತ್ತಾಗಿ ನೂರಿಪ್ಪತ್ತು ವರ್ಷಗಳಾದವು. ಹಾಗಾದರೆ ಅದರ ನಿಜವಾದ ಆಕಾರ ಯಾವುದು, ಅದನ್ನು ಯಾರು ಹೇಗೆ ಕಂಡುಕೊಂಡರು, ಕಂಡುಕೊಂಡದ್ದರಿಂದ ನಮ್ಮಂಥ ಕಡಲ ತೀರದ ನಗರವಾಸಿಗಳಿಗೆ ಏನು ಪ್ರಯೋಜನ – ಇವನ್ನು ಇಲ್ಲಿ ಸ್ಥೂಲವಾಗಿ ನೋಡೋಣ.

ಹಿರಿಯರ ಮುತ್ತು

ಸ್ವಾತಿ ಮಳೆಯ ಹನಿ ಚಿಪ್ಪಿನೊಳಗೆ ಬಿದ್ದರೆ ಮುತ್ತಾಗುತ್ತದೆ ಎಂಬ ನಂಬಿಕೆಯನ್ನು ನಾವೆಲ್ಲ ಅಜ್ಜಿಯಂದಿರ ಬಾಯಲ್ಲಿ ಕೇಳಿದ್ದೇವೆ. ಸೂರ್ಯ ಸ್ವಾತಿ ನಕ್ಷತ್ರದಲ್ಲಿರುವುದು ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಮೊದಲ ವಾರದ ತನಕ. ಚೆನ್ನೈಯಲ್ಲಿ ಹಿಂಗಾರು ಕಾಲೂರುವುದೂ ಸರಿಸುಮಾರು ಅದೇ ದಿನಗಳಲ್ಲಿ. ಚಿಪ್ಪಿನಲ್ಲಿ ಮುತ್ತು ಬೆಳೆಯುವುದಕ್ಕೂ ಮಳೆಗೂ ಸಂಬಂಧವಿಲ್ಲವೆಂದು ಇಂದು ಎಲ್ಲರಿಗೂ ಗೊತ್ತು. ಆದರೆ ಆ ನಂಬಿಕೆಯೊಳಗೆ ಒಂದು ಸರಿಯಾದ ನೋಟ ಅಡಗಿತ್ತು. ಹನಿಯನ್ನು ಹೋಲಿಸಲು ನಮ್ಮವರು ಆರಿಸಿದ್ದು ಮುತ್ತನ್ನು. ಕೆಸುವಿನ ಎಲೆಯ ಮೇಲೆ ಉರುಳುವ ಹನಿಯನ್ನು ನೋಡುತ್ತ ಬೆಳೆದ ಜನಕ್ಕೆ ಹನಿಯೆಂದರೆ ದುಂಡನೆಯದು. ಸಣ್ಣ ಹನಿಗಳ ಮಟ್ಟಿಗೆ ವಿಜ್ಞಾನವೂ ಇದೇ ಮಾತನ್ನು ಹೇಳುತ್ತದೆ.

ಹಾಗಿದ್ದ ಮೇಲೆ ಈ ಚೂಪು ತುದಿ ಎಲ್ಲಿಂದ ಬಂತು? ಸರಿಯಾಗಿ ಮುಚ್ಚದ ಕೊಳಾಯಿಯ ಬಾಯಲ್ಲಿ ನೇತಾಡುವ ಹನಿಯನ್ನು ಗಮನಿಸಿ. ಬೀಳುವ ಮುಂಚೆ ಅದು ಕೆಳಗೆ ಉಬ್ಬಿ ಮೇಲೆ ಕತ್ತು ಸಣ್ಣದಾಗಿ ಎಳೆದುಕೊಂಡಿರುತ್ತದೆ. ಕತ್ತು ಕಡಿದು ಹನಿ ಬಿದ್ದ ಮರುಕ್ಷಣವೇ ಆ ಬಾಲ ಒಳಕ್ಕೆ ಸೇರಿ, ಹನಿ ನಡುಗುತ್ತ ದುಂಡಗಾಗುತ್ತದೆ. ನಮ್ಮ ಕಣ್ಣಿಗೆ ನಿಲ್ಲುವುದು ನೇತಾಡುವ ಹನಿ ಮಾತ್ರ, ಬೀಳುವ ಹನಿ ಸಿಗುವುದಿಲ್ಲ. ಕಿಟಕಿಯ ಗಾಜಿನ ಮೇಲೆ, ಕೆನ್ನೆಯ ಮೇಲೆ ಇಳಿಯುವ ನೀರೂ ಹಿಂದೊಂದು ಗೆರೆ ಬಿಟ್ಟೇ ಇಳಿಯುತ್ತದೆ. ಇವನ್ನು ನೋಡಿದ ಚಿತ್ರಗಾರರು ಮಳೆಹನಿಗೂ ಬಾಲ ಕಟ್ಟಿದರು.

ದುಂಡಗಾಗಿಸುವ ಬಲ

ಹನಿಯನ್ನು ದುಂಡಗೆ ಹಿಡಿದಿಡುವ ಬಲಕ್ಕೆ ಮೇಲ್ಮೈ ಎಳೆತ ಎಂದು ಹೆಸರು. ನೀರಿನ ಕಣಗಳು ಒಂದನ್ನೊಂದು ಸೆಳೆಯುತ್ತವೆ. ಒಳಗಿರುವ ಕಣಕ್ಕೆ ಎಲ್ಲ ಕಡೆಯಿಂದಲೂ ಸೆಳೆತ. ಅಂಚಿನ ಕಣವನ್ನು ಹೊರಗಿನಿಂದ ಸೆಳೆಯುವವರಿಲ್ಲ, ಆದ್ದರಿಂದ ಅದು ಒಳಕ್ಕೇ ವಾಲುತ್ತದೆ. ಹೀಗೆ ನೀರಿನ ಮೇಲ್ಮೈ ಎಳೆದು ಕಟ್ಟಿದ ಪೊರೆಯಂತೆ ವರ್ತಿಸುತ್ತದೆ. ಸಾಧ್ಯವಾದಷ್ಟೂ ಕಿರಿದಾಗಲು ನೋಡುತ್ತದೆ. ಇಷ್ಟೇ ನೀರನ್ನು ಅತಿ ಕಡಿಮೆ ಮೇಲ್ಮೈಯಲ್ಲಿ ಹಿಡಿಸುವ ಆಕಾರ ಗೋಳ. 1805–06ರ ಸುಮಾರಿಗೆ ಇಂಗ್ಲೆಂಡಿನ ಥಾಮಸ್ ಯಂಗ್ ಮತ್ತು ಫ್ರಾನ್ಸಿನ ಲಾಪ್ಲಾಸ್ ಇದಕ್ಕೆ ಗಣಿತದ ರೂಪ ಕೊಟ್ಟರು. ಹನಿ ಚಿಕ್ಕದಾದಷ್ಟೂ ಈ ಬಿಗಿತ ಹೆಚ್ಚು. ಹನಿ ನಡುಗುವ ಬಗೆಯನ್ನು 1879ರಲ್ಲಿ ಲಾರ್ಡ್ ರೇಲೀ ಲೆಕ್ಕ ಹಾಕಿ ತೋರಿಸಿದರು.

ಈ ವಿಷಯಕ್ಕೂ ನಮ್ಮ ನಗರಕ್ಕೂ ಹಳೆಯ ನಂಟಿದೆ. ಮರೀನಾದ ಎದುರು ನಿಂತಿರುವ ಪ್ರೆಸಿಡೆನ್ಸಿ ಕಾಲೇಜು ಎಂದರೆ ನಮಗೆ ಮೊದಲು ನೆನಪಾಗುವವರು ಅಲ್ಲಿ ಸಸ್ಯಶಾಸ್ತ್ರ ಕಲಿಸಿ, ಪ್ರಿನ್ಸಿಪಾಲರೂ ಆಗಿದ್ದ ನಮ್ಮ ಬಿ. ಜಿ. ಎಲ್. ಸ್ವಾಮಿಯವರು. ಅವರಿಗಿಂತ ಅರ್ಧ ಶತಮಾನ ಮೊದಲು ಅದೇ ಕಾಲೇಜಿನ ವಿದ್ಯಾರ್ಥಿಯಾಗಿದ್ದವರು ಸಿ. ವಿ. ರಾಮನ್. ರಾಮನ್ ಎಂದರೆ ಬೆಳಕು ಎಂದೇ ನಾವು ತಿಳಿದಿದ್ದೇವೆ. 1906ರಲ್ಲಿ ಪ್ರಕಟವಾದ ಅವರ ಮೊದಲ ಸಂಶೋಧನ ಲೇಖನ ಬೆಳಕಿನ ಕುರಿತಾದದ್ದೇ ಹೌದು. ಆದರೆ ಮರುವರ್ಷ, ಇಪ್ಪತ್ತು ತುಂಬುವ ಮುನ್ನವೇ, ಲಂಡನ್ನಿನ 'ಫಿಲಾಸಫಿಕಲ್ ಮ್ಯಾಗಜೀನ್' ಪತ್ರಿಕೆಯಲ್ಲಿ ಅವರು ಬರೆದದ್ದು ದ್ರವದ ಮೇಲ್ಮೈಯ ಬಾಗನ್ನು ಅಳೆದು ಮೇಲ್ಮೈ ಎಳೆತವನ್ನು ಕಂಡುಹಿಡಿಯುವ ವಿಧಾನದ ಬಗೆಗೆ. 1933ರಲ್ಲಿ ಬೆಂಗಳೂರಿಗೆ ಬಂದು, 1970ರಲ್ಲಿ ತೀರಿಕೊಳ್ಳುವ ತನಕ ನಮ್ಮ ನಾಡಿನವರೇ ಆಗಿ ಬಾಳಿದ ರಾಮನ್ನರ ಆರಂಭದ ಕೆಲಸದಲ್ಲಿ ಹೀಗೆ ನೀರಹನಿಯ ಗುಟ್ಟೂ ಇತ್ತು. ಅವರ ಅಣ್ಣನ ಮಗ, ಅದೇ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ಎಸ್. ಚಂದ್ರಶೇಖರ್ ನಕ್ಷತ್ರಗಳ ಅಧ್ಯಯನದಿಂದ ಲೋಕಪ್ರಸಿದ್ಧರಾದರು. ಅವರೂ 1965ರಲ್ಲಿ, ಸುತ್ತುವ ದ್ರವದ ಹನಿ ಎಷ್ಟು ವೇಗದವರೆಗೆ ತನ್ನ ಆಕಾರವನ್ನು ಕಾಪಾಡಿಕೊಂಡೀತು ಎಂಬ ಪ್ರಶ್ನೆಯನ್ನು ಎತ್ತಿಕೊಂಡು ಲೇಖನ ಬರೆದರು. ಹನಿ ಎಂಬುದು ದೊಡ್ಡವರ ಗಮನಕ್ಕೂ ಪಾತ್ರವಾದ ವಸ್ತು.

ಹಿಟ್ಟಿನ ತಟ್ಟೆ ಮತ್ತು ಗಾಳಿಯ ಕೊಳವೆ

ಇಷ್ಟಾದರೂ, ಮೋಡದಿಂದ ಭೂಮಿಗೆ ಬರುವಾಗ ಹನಿ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಬೀಳುವ ಹನಿಯನ್ನು ಹಿಡಿದು ನೋಡುವುದು ಹೇಗೆ? 1904ರಲ್ಲಿ ಇದಕ್ಕೆ ಎರಡು ಕಡೆಯಿಂದ ಉತ್ತರ ಬಂತು.

ಒಬ್ಬರು ಅಮೆರಿಕದ ವರ್ಮಾಂಟ್ ಪ್ರಾಂತದ ಜೆರಿಕೋ ಎಂಬ ಹಳ್ಳಿಯ ರೈತ, ವಿಲ್ಸನ್ ಬೆಂಟ್ಲಿ. ಹಿಮದ ಹಳಕುಗಳನ್ನು ಸೂಕ್ಷ್ಮದರ್ಶಕದ ಮೂಲಕ ಛಾಯಾಚಿತ್ರ ತೆಗೆದು ಹೆಸರಾದ ಈತ, ಬೇಸಿಗೆಯ ಮಳೆಯನ್ನೂ ಬಿಡಲಿಲ್ಲ. ಆತನ ಉಪಕರಣವೆಂದರೆ ಒಂದು ತಟ್ಟೆಯಲ್ಲಿ ಹರವಿದ ನುಣ್ಣನೆಯ ಹಿಟ್ಟು. ಮಳೆಯಲ್ಲಿ ಅದನ್ನು ಕೆಲವು ಕ್ಷಣ ಹಿಡಿದು ಒಳಗೆ ತರುತ್ತಿದ್ದ. ಒಂದೊಂದು ಹನಿಯೂ ಹಿಟ್ಟಿನಲ್ಲಿ ಒಂದೊಂದು ಗುಳಿಗೆಯಾಗುತ್ತಿತ್ತು. ಒಣಗಿದ ಮೇಲೆ ಆ ಗುಳಿಗೆಗಳನ್ನು ಅಳೆಯುತ್ತಿದ್ದ. ಗೊತ್ತಾದ ಗಾತ್ರದ ಹನಿಗಳನ್ನು ತಾನೇ ಬೀಳಿಸಿ, ಗುಳಿಗೆಗೂ ಹನಿಗೂ ಇರುವ ಲೆಕ್ಕವನ್ನು ತಾಳೆ ನೋಡಿಕೊಂಡಿದ್ದ. 1898ರಿಂದ ಹಲವು ವರ್ಷ ಹೀಗೆ ಅಳೆದು, ಯಾವ ಬಗೆಯ ಮೋಡದಿಂದ ಯಾವ ಗಾತ್ರದ ಹನಿ ಬೀಳುತ್ತದೆ ಎಂಬ ವಿವರವನ್ನು 1904ರಲ್ಲಿ ಪ್ರಕಟಿಸಿದ. ದೊಡ್ಡ ಪ್ರಯೋಗಶಾಲೆಯ ಹಂಗಿಲ್ಲದೆ ಅಡುಗೆಮನೆಯ ಹಿಟ್ಟಿನಿಂದ ನಡೆದ ಕೆಲಸವಿದು.

ಇನ್ನೊಬ್ಬರು ಜರ್ಮನಿಯ ಭೌತವಿಜ್ಞಾನಿ ಫಿಲಿಪ್ ಲೆನಾರ್ಡ್. ಮರುವರ್ಷವೇ ಬೇರೊಂದು ಸಂಶೋಧನೆಗಾಗಿ ಇವರಿಗೆ ನೊಬೆಲ್ ಪಾರಿತೋಷಕ ಬಂತು. ಇವರ ಉಪಾಯ ಸೊಗಸಾದುದು. ಹನಿ ಗಾಳಿಯಲ್ಲಿ ಕೆಳಗೆ ಬೀಳುವುದೂ, ಗಾಳಿ ಕೆಳಗಿನಿಂದ ಮೇಲೆ ಬೀಸಿ ಹನಿ ಇದ್ದಲ್ಲೇ ನಿಲ್ಲುವುದೂ ಹನಿಯ ಮಟ್ಟಿಗೆ ಒಂದೇ. ಕೊಳವೆಯಲ್ಲಿ ಮೇಲ್ಮುಖವಾಗಿ ಗಾಳಿ ಹಾಯಿಸಿ ಅದರ ಮೇಲೆ ಹನಿಯನ್ನು ತೇಲಿಸಿ ಇವರು ನೋಡಿದರು. ಸಣ್ಣ ಹನಿಗಳು ದುಂಡಗೇ ಇದ್ದವು. ದೊಡ್ಡವು ಚಪ್ಪಟೆಯಾದವು. ಸುಮಾರು ಐದೂವರೆ ಮಿಲಿಮೀಟರಿಗಿಂತ ದೊಡ್ಡ ಹನಿ ಕೆಲವೇ ಕ್ಷಣಗಳಲ್ಲಿ ಒಡೆದುಹೋಯಿತು. ಕಣ್ಣೀರಿನ ಆಕಾರ ಎಲ್ಲಿಯೂ ಕಾಣಲಿಲ್ಲ.

ಕವುಚಿಟ್ಟ ಇಡ್ಲಿ

ಲೆನಾರ್ಡರ ಉಪಾಯವನ್ನೇ ಮುಂದಿನವರು ಸುಧಾರಿಸಿದರು. 1950ರಲ್ಲಿ ಅಮೆರಿಕದ ಡಂಕನ್ ಬ್ಲಾಂಚರ್ಡ್ ಗಾಳಿಯಲ್ಲಿ ತೇಲುವ ದೊಡ್ಡ ಹನಿಗಳ ಛಾಯಾಚಿತ್ರ ತೆಗೆದರು. ಆ ಆಕಾರ ಏಕೆ ಬರುತ್ತದೆಂದು 1954ರಲ್ಲಿ ಜೇಮ್ಸ್ ಮೆಕ್‌ಡೊನಾಲ್ಡ್ ವಿವರಿಸಿದರು. 1970ರಲ್ಲಿ ಪ್ರುಪಾಕರ್ ಮತ್ತು ಬಿಯರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಪ್ರತಿಯೊಂದು ಗಾತ್ರದ ಹನಿ ಎಷ್ಟು ಚಪ್ಪಟೆಯಾಗುತ್ತದೆ ಎಂಬುದನ್ನು ಗಾಳಿ ಸುರಂಗದಲ್ಲಿ ಕರಾರುವಾಕ್ಕಾಗಿ ಅಳೆದರು.

ಅವರೆಲ್ಲ ಕಂಡುಕೊಂಡದ್ದರ ಸಾರ ಹೀಗೆ. ಮೋಡದೊಳಗಿನ ನೀರಿನ ಕಣ ಬಹಳ ಚಿಕ್ಕದು, ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲು. ಅಂಥ ಹತ್ತು ಲಕ್ಷ ಕಣಗಳು ಕೂಡಿದರೆ ಎರಡು ಮಿಲಿಮೀಟರಿನ ಒಂದು ಮಳೆಹನಿ. ಗಾಳಿಯೇ ಇಲ್ಲದಿದ್ದರೆ ಎರಡು ಕಿಲೋಮೀಟರ್ ಎತ್ತರದಿಂದ ಬೀಳುವ ಹನಿ ಗಂಟೆಗೆ 700 ಕಿಲೋಮೀಟರ್ ವೇಗದಲ್ಲಿ ನಮ್ಮ ತಲೆಗೆ ಬಡಿಯುತ್ತಿತ್ತು. ಗಾಳಿ ತಡೆಯುವುದರಿಂದ ಒಂದು ಮಿಲಿಮೀಟರಿನ ಹನಿ ಸೆಕೆಂಡಿಗೆ ಸುಮಾರು 4 ಮೀಟರ್, ಐದು ಮಿಲಿಮೀಟರಿನ ಹನಿ ಸುಮಾರು 9 ಮೀಟರ್ ವೇಗಕ್ಕೆ ನಿಲ್ಲುತ್ತದೆ. ಎಂದರೆ ದಪ್ಪ ಹನಿಯ ವೇಗವೂ ಗಂಟೆಗೆ 33 ಕಿಲೋಮೀಟರ್ ಮೀರುವುದಿಲ್ಲ. ಛತ್ರಿ ಹರಿಯದೆ ಉಳಿದಿರುವುದು ಈ ಕೃಪೆಯಿಂದ.

ಒಂದು ಮಿಲಿಮೀಟರಿಗಿಂತ ಚಿಕ್ಕ ಹನಿಯಲ್ಲಿ ಮೇಲ್ಮೈ ಎಳೆತದ್ದೇ ಮೇಲುಗೈ. ಅದು ಮುತ್ತಿನಂತೆ ಗೋಳವಾಗಿಯೇ ಬೀಳುತ್ತದೆ. ಎರಡು ಮಿಲಿಮೀಟರ್ ದಾಟಿದಂತೆ ಕೆಳಗಿನಿಂದ ಒತ್ತುವ ಗಾಳಿ ಬಲವಾಗುತ್ತದೆ. ಹನಿಯ ತಳ ತಟ್ಟಿದಂತೆ ಚಪ್ಪಟೆಯಾಗುತ್ತದೆ, ಪಕ್ಕಗಳು ಉಬ್ಬುತ್ತವೆ, ನೆತ್ತಿ ಮಾತ್ರ ಗುಮ್ಮಟದಂತೆ ದುಂಡಗೇ ಉಳಿಯುತ್ತದೆ. ಐದು ಮಿಲಿಮೀಟರಿನ ಹನಿಯ ಅಗಲ ಹತ್ತು ಪಾಲಾದರೆ ಎತ್ತರ ಏಳೇ ಪಾಲು. ಈ ಆಕಾರಕ್ಕೆ ಹೋಲಿಕೆ ಹುಡುಕಿ ನಾವು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿರಲಿ, ಚೆನ್ನೈಯಲ್ಲಿರಲಿ, ಬೆಳಿಗ್ಗೆ ತಟ್ಟೆಯಲ್ಲಿ ಇಡ್ಲಿಯನ್ನು ಕವುಚಿ ಹಾಕಿದರೆ ದೊಡ್ಡ ಮಳೆಹನಿಯ ಮಾದರಿ ಸಿದ್ಧ! ತಳ ಚಪ್ಪಟೆ, ನೆತ್ತಿ ದುಂಡು. ಚಿತ್ರಪುಸ್ತಕಗಳು ಹೇಳುವುದಕ್ಕೆ ಪೂರಾ ವಿರುದ್ಧ.

ಹನಿ ಇನ್ನೂ ದೊಡ್ಡದಾದರೆ ತಳದಲ್ಲಿ ಗುಳಿ ಬೀಳುತ್ತದೆ. ಗಾಳಿ ಅದರೊಳಗೆ ನುಗ್ಗಿ ಹನಿಯನ್ನು ಬಿಡಿಸಿದ ಛತ್ರಿಯಂತೆ ಉಬ್ಬಿಸುತ್ತದೆ. ಕೊನೆಗೆ ಪೊರೆ ಒಡೆದು ನೂರಾರು ಕಿರುಹನಿಗಳಾಗಿ ಚೆದರುತ್ತದೆ. ಹನಿಗಳು ದಾರಿಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದೂ ಒಡೆಯುತ್ತವೆ. ಆದ್ದರಿಂದ ಐದಾರು ಮಿಲಿಮೀಟರ್ ಮೀರಿದ ಹನಿಗಳು ವಿರಳ. ಒಂದು ಸೆಂಟಿಮೀಟರಿನ ಹತ್ತಿರದ ಹನಿಗಳು ಎಲ್ಲೋ ಒಂದೆರಡು ಕಡೆ ಮಾತ್ರ ಕಂಡುಬಂದಿವೆ. ಆನೆ ಗಾತ್ರದ ಹನಿ ಬಿತ್ತು ಎಂದು ಊರಿನವರು ಹೇಳಿದರೆ ಅದು ಮಾತಿನ ಚಮತ್ಕಾರವೇ ಸರಿ.

ಊರಿನ ಹನಿ, ಇಲ್ಲಿಯ ಹನಿ

ಎಲ್ಲ ಮಳೆಯ ಹನಿಯೂ ಒಂದೇ ಬಗೆಯಲ್ಲ. ಜಡಿಮಳೆ, ಸೋನೆ, ತುಂತುರು ಎಂದು ನಮ್ಮ ಭಾಷೆ ಬೇರೆ ಬೇರೆ ಹೆಸರಿಟ್ಟದ್ದಕ್ಕೆ ಕಾರಣವುಂಟು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆಯಾಗುವ ಆಗುಂಬೆಯ ಕಡೆಯಿಂದ ಬಂದವರು, ಮಲೆನಾಡಿನ ಮಳೆ ಹಗಲಿರುಳು ಒಂದೇ ಸಮನೆ ಹಿಡಿದುಕೊಳ್ಳುತ್ತದೆ, ಆದರೆ ಹೊಡೆಯುವುದಿಲ್ಲ ಎನ್ನುತ್ತಾರೆ. ಅದೇ ಪಶ್ಚಿಮ ಘಟ್ಟದ ಸಾಲಿನ ಮಹಾಬಲೇಶ್ವರದಲ್ಲಿ ಪುಣೆಯ ಹವಾಮಾನ ಸಂಶೋಧನ ಸಂಸ್ಥೆಯವರು ಹನಿಗಳನ್ನು ಎಣಿಸುವ ಯಂತ್ರ ಇಟ್ಟು ಅಳೆದಾಗ, ಮುಂಗಾರಿನಲ್ಲಿ ಸಣ್ಣ ಹನಿಗಳೇ ಅಪಾರ ಸಂಖ್ಯೆಯಲ್ಲಿ ಬೀಳುವುದು ಕಂಡುಬಂದಿದೆ. ಕಡಲಿನಿಂದ ಬಂದ ತೇವದ ಗಾಳಿ ಘಟ್ಟಕ್ಕೆ ತಾಗಿ ಮೇಲೇರುವಾಗ ಕಟ್ಟುವ ಮೋಡಗಳು ಬಹುಮಟ್ಟಿಗೆ ಗಿಡ್ಡ. ಅಂಥ ಮೋಡದಲ್ಲಿ ಹನಿ ದೊಡ್ಡದಾಗಿ ಬೆಳೆಯಲು ಅವಕಾಶ ಕಡಿಮೆ. ಮಲೆನಾಡಿನ ಮಳೆ ಹೆಚ್ಚಾಗಿ ಮುತ್ತಿನ ಮಳೆ.

ಚೆನ್ನೈಯಿಂದ 120 ಕಿಲೋಮೀಟರ್ ಆಸುಪಾಸು, ತಿರುಪತಿಯ ಹತ್ತಿರದ ಗಾದಂಕಿಯಲ್ಲಿ ರಾಷ್ಟ್ರೀಯ ವಾತಾವರಣ ಸಂಶೋಧನ ಪ್ರಯೋಗಾಲಯವಿದೆ. ಅಲ್ಲಿ ವರ್ಷಗಟ್ಟಲೆ ಹನಿಗಳನ್ನು ಅಳೆದವರಿಗೆ ಒಂದು ಕುತೂಹಲದ ಸಂಗತಿ ಗೊತ್ತಾಯಿತು. ಒಂದೇ ತೀವ್ರತೆಯ ಮಳೆಯನ್ನು ಹೋಲಿಸಿದರೆ, ಈ ಪ್ರದೇಶದಲ್ಲಿ ಮುಂಗಾರಿನ ತಿಂಗಳುಗಳ ಮಳೆಯಲ್ಲಿ ದೊಡ್ಡ ಹನಿಗಳು ಹೆಚ್ಚು, ಹಿಂಗಾರಿನಲ್ಲಿ ಸಣ್ಣ ಹನಿಗಳು ಹೆಚ್ಚು. ಜುಲೈ, ಆಗಸ್ಟ್ ತಿಂಗಳ ಸಂಜೆ ದಿಢೀರನೆ ಗುಡುಗಿ ಬರುವ ಮಳೆ ಬಿಸಿಲಿಗೆ ಕಾದ ನೆಲದಿಂದ ಮೇಲೆದ್ದ ಎತ್ತರದ ಮೋಡಗಳದ್ದು. ಸಣ್ಣ ಹನಿಗಳು ಒಣ ಗಾಳಿಯಲ್ಲಿ ನಡುದಾರಿಯಲ್ಲೇ ಆವಿಯಾಗುತ್ತವೆ, ದಪ್ಪ ಹನಿಗಳು ಮಾತ್ರ ನೆಲ ಮುಟ್ಟುತ್ತವೆ. ಬಿಸಿಯಾದ ತಾರಸಿಯ ಮೇಲೆ ಪಟಪಟನೆ ಬೀಳುವ ಆ ಹನಿಗಳೇ ಕವುಚಿಟ್ಟ ಇಡ್ಲಿಗಳು. ಹಿಂಗಾರು ಕಡಲಿನ ತೇವದೊಡನೆ ಬರುವಂಥದು. ಅದರ ಹನಿ ಚಿಕ್ಕದಾದರೂ ಸಂಖ್ಯೆ ದೊಡ್ಡದು. ಸ್ವಾತಿಯ ಹನಿ ಮುತ್ತು ಎಂದ ಅಜ್ಜಿಯರ ಮಾತಿಗೆ ಇಲ್ಲೊಂದು ಅನಿರೀಕ್ಷಿತ ಸಮರ್ಥನೆ ಸಿಕ್ಕಂತಾಯಿತು.

ನುಂಗಂಬಾಕ್ಕಂನಿಂದ ಪಳ್ಳಿಕರಣೈಗೆ

ಇದೆಲ್ಲ ಕುತೂಹಲಕ್ಕೆ ಸರಿ, ಬದುಕಿಗೆ ಏನು ಉಪಯೋಗ ಎಂದು ಕೇಳಬಹುದು. ಉಪಯೋಗವಿದೆ. ಅದು ನಮ್ಮ ಮನೆಬಾಗಿಲಿಗೇ ಸಂಬಂಧಿಸಿದ್ದು.

ಮಳೆಯನ್ನು ಅಳೆಯುವ ಕೆಲಸದಲ್ಲಿ ಈ ನಗರ ಬಹಳ ಹಿರಿಯದು. 1786ರಲ್ಲಿ ಎಗ್ಮೋರಿನಲ್ಲಿ ವಿಲಿಯಂ ಪೆಟ್ರಿ ಎಂಬ ಅಧಿಕಾರಿಯ ಖಾಸಗಿ ವೀಕ್ಷಣಾಲಯವಾಗಿ ಆರಂಭವಾದ ಸಂಸ್ಥೆ, 1792ರಲ್ಲಿ ನುಂಗಂಬಾಕ್ಕಂನಲ್ಲಿ ಮದರಾಸು ವೀಕ್ಷಣಾಲಯವಾಗಿ ನೆಲೆಗೊಂಡಿತು. 1796ರಿಂದ ಹವೆಯ ದಾಖಲೆ, 1813ರಿಂದ ಮಳೆಯ ದಾಖಲೆ ಅಲ್ಲಿ ಶುರುವಾಯಿತು. 1899ರಲ್ಲಿ ನಕ್ಷತ್ರ ನೋಡುವ ಕೆಲಸ ಕೊಡೈಕಾನಲ್ಲಿಗೆ ಹೋಯಿತು. ಮಳೆ ಅಳೆಯುವ ಕೆಲಸ ಇಲ್ಲೇ ಉಳಿಯಿತು. ಇಂದು ಪ್ರಾದೇಶಿಕ ಹವಾಮಾನ ಕೇಂದ್ರವಿರುವುದು ಅದೇ ಆವರಣದಲ್ಲಿ. 'ನುಂಗಂಬಾಕ್ಕಂನಲ್ಲಿ ಇಂತಿಷ್ಟು ಸೆಂಟಿಮೀಟರ್' ಎಂದು ನಾವು ಕೇಳುವ ಮಾತಿನ ಹಿಂದೆ ಇನ್ನೂರು ವರ್ಷ ಮೀರಿದ ಪರಂಪರೆಯಿದೆ.

ಆದರೆ ಮಳೆಮಾಪಕ ಹೇಳುವುದು ಬಿದ್ದು ಮುಗಿದ ಮಳೆಯ ಲೆಕ್ಕವನ್ನು. ಅದೂ ಆ ಒಂದು ಜಾಗದ ಲೆಕ್ಕವನ್ನು. ಬರಲಿರುವ ಮಳೆಯನ್ನು, ಇಡೀ ನಗರದ ಮೇಲಿರುವ ಮಳೆಯನ್ನು ನೋಡಲು ರೇಡಾರ್ ಬೇಕು. ಚಂಡಮಾರುತಗಳನ್ನು ಗುರುತಿಸುವ ರೇಡಾರ್ ಇಲ್ಲಿಗೆ 1973ರಲ್ಲಿ ಬಂತು. ದೇಶದ ಮೊದಲ ಡಾಪ್ಲರ್ ಹವಾಮಾನ ರೇಡಾರ್ ಕೆಲಸ ಆರಂಭಿಸಿದ್ದೂ ಚೆನ್ನೈಯಲ್ಲೇ, 2002ರಲ್ಲಿ. ರೇಡಾರ್ ಅಲೆಗಳನ್ನು ಕಳಿಸುತ್ತದೆ, ಹನಿಗಳಿಗೆ ತಾಗಿ ಮರಳಿದ ಅಲೆಗಳ ಬಲವನ್ನು ಅಳೆಯುತ್ತದೆ.

ಕಷ್ಟ ಶುರುವಾಗುವುದು ಇಲ್ಲಿ. ಎರಡು ಮಿಲಿಮೀಟರಿನ ಹನಿಗಿಂತ ನಾಲ್ಕು ಮಿಲಿಮೀಟರಿನ ಹನಿಯಲ್ಲಿ ನೀರು ಎಂಟು ಪಟ್ಟು ಹೆಚ್ಚು. ಆದರೆ ಅದು ಮರಳಿಸುವ ಅಲೆ ಅರವತ್ತನಾಲ್ಕು ಪಟ್ಟು! ಕೆಲವೇ ದಪ್ಪ ಹನಿಗಳಿದ್ದರೆ ರೇಡಾರಿಗೆ ಭಾರಿ ಮಳೆಯಂತೆ ಕಾಣುತ್ತದೆ. ಅಸಂಖ್ಯ ಸಣ್ಣ ಹನಿಗಳು ಒಟ್ಟಾಗಿ ಊರನ್ನೇ ಮುಳುಗಿಸುವಂತೆ ಸುರಿಯುತ್ತಿದ್ದರೂ ಅದು ಸಾಧಾರಣ ಮಳೆಯಂತೆ ತೋರಬಹುದು. ಹಿಂಗಾರಿನ ಹನಿ ಸಣ್ಣದು ಎಂಬ ಗಾದಂಕಿಯ ಮಾತು ನಮಗೆ ಮುಖ್ಯವಾಗುವುದು ಇದಕ್ಕಾಗಿ.

ಈ ತೊಡಕನ್ನು ಬಿಡಿಸಿದ್ದು ಹನಿಯ ಆಕಾರ. 1976ರಲ್ಲಿ ಅಮೆರಿಕದಲ್ಲಿ ಥಾಮಸ್ ಸೆಲಿಗಾ ಮತ್ತು ಭಾರತೀಯ ಮೂಲದ ವಿ. ಎನ್. ಬ್ರಿಂಗಿ ಒಂದು ಸಲಹೆ ಮುಂದಿಟ್ಟರು. ಅಡ್ಡಡ್ಡ ಆಡುವ ಅಲೆಯನ್ನೂ, ಮೇಲೆ ಕೆಳಗೆ ಆಡುವ ಅಲೆಯನ್ನೂ ಕಳಿಸಿ ಎರಡನ್ನೂ ಹೋಲಿಸಿ ನೋಡಬೇಕು. ಹನಿ ಮುತ್ತಿನಂತೆ ದುಂಡಗಿದ್ದರೆ ಎರಡೂ ಸಮನಾಗಿ ಮರಳುತ್ತವೆ. ಇಡ್ಲಿಯಂತೆ ಅಗಲವಾಗಿದ್ದರೆ ಅಡ್ಡ ಅಲೆ ಹೆಚ್ಚು ಬಲವಾಗಿ ಮರಳುತ್ತದೆ. ಹೆಚ್ಚಳ ಎಷ್ಟೆಂದು ತಿಳಿದರೆ ಹನಿ ಎಷ್ಟು ಚಪ್ಪಟೆ ಎಂದು ತಿಳಿಯಿತು. ಎಷ್ಟು ಚಪ್ಪಟೆ ಎಂದರೆ ಎಷ್ಟು ದೊಡ್ಡದು ಎಂದೇ ಅರ್ಥ. ಗಾಳಿ ಸುರಂಗದಲ್ಲಿ ಅಳೆದ ಆ ಹತ್ತಕ್ಕೆ ಏಳರ ಲೆಕ್ಕ ಇಲ್ಲಿ ಉಪಯೋಗಕ್ಕೆ ಬಂತು. ಇಂಥ ಎರಡು ಅಲೆಯ ರೇಡಾರುಗಳು ಈಗ ನಮ್ಮ ದೇಶದಲ್ಲೂ ಹಲವು ಕಡೆ ಇವೆ. ಚೆನ್ನೈಯ ಪಳ್ಳಿಕರಣೈಯಲ್ಲಿ ಇಸ್ರೋ ಸಿದ್ಧಪಡಿಸಿದ ಹೊಸ ರೇಡಾರ್ 2022ರ ಜನವರಿಯಲ್ಲಿ ಸೇವೆಗೆ ಬಂತು.

1976ರ ನವೆಂಬರ್ 25ರಂದು ಒಂದೇ ದಿನ 45 ಸೆಂಟಿಮೀಟರ್ ಮಳೆ ಸುರಿದದ್ದನ್ನು ನಮ್ಮ ಸಂಘದ ಹಿರಿಯರು ಇನ್ನೂ ನೆನೆಯುತ್ತಾರೆ. 2015ರ ಡಿಸೆಂಬರ್ 1 ಮತ್ತು 2ರ ನಡುವೆ ತಾಂಬರಂನಲ್ಲಿ ಸುಮಾರು 49 ಸೆಂಟಿಮೀಟರ್ ಬಿದ್ದು, ಅಡಯಾರ್ ನದಿ ಉಕ್ಕಿ, ಸೈದಾಪೇಟೆ, ಕೋಟ್ಟೂರ್‌ಪುರಂಗಳ ಮನೆಗಳಿಗೆ ನೀರು ನುಗ್ಗಿದ್ದನ್ನು ಎಳೆಯರೂ ಮರೆತಿಲ್ಲ. 2021ರ ಡಿಸೆಂಬರ್ 30ರ ಮಧ್ಯಾಹ್ನ ಎದುರುನೋಡದ ಮಳೆ ಬಂದು, ಕಚೇರಿಗೆ ಹೋದವರು ಮನೆ ಸೇರುವಷ್ಟರಲ್ಲಿ ನಡುರಾತ್ರಿಯಾಗಿತ್ತು. ಇಂಥ ದಿನಗಳಲ್ಲಿ ಒಂದೆರಡು ಗಂಟೆ ಮೊದಲು ಸಿಗುವ ಸರಿಯಾದ ಲೆಕ್ಕದ ಬೆಲೆ ದೊಡ್ಡದು. ಕೆರೆಯ ಬಾಗಿಲನ್ನು ಯಾವಾಗ ಎಷ್ಟು ತೆರೆಯಬೇಕು, ತಗ್ಗಿನಲ್ಲಿರುವವರನ್ನು ಯಾವಾಗ ಎಬ್ಬಿಸಬೇಕು ಎಂಬ ತೀರ್ಮಾನಗಳು ಮೋಡದಲ್ಲಿ ನೀರೆಷ್ಟಿದೆ ಎಂಬುದರ ಮೇಲೆ ನಿಂತಿವೆ. ಆ ಲೆಕ್ಕ ಹನಿಯ ಆಕಾರದ ಮೇಲೆ ನಿಂತಿದೆ. ಹಿಟ್ಟಿನ ತಟ್ಟೆ ಹಿಡಿದು ಮಳೆಯಲ್ಲಿ ನಿಂತ ರೈತನಿಗೆ ತನ್ನ ಹುಡುಕಾಟ ಇಲ್ಲಿಯ ತನಕ ಬಂದೀತೆಂಬ ಕಲ್ಪನೆ ಇದ್ದಿರಲಾರದು.

ಆ ತಟ್ಟೆಯ ಪ್ರಯೋಗ ಇಂದಿಗೂ ಸುಲಭ. ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ದಪ್ಪಕ್ಕೆ ಮೈದಾ ಹರವಿ, ಮುಚ್ಚಳ ಮುಚ್ಚಿಕೊಂಡು ತಾರಸಿಗೆ ಹೋಗಿ, ಮಳೆಯಲ್ಲಿ ಎರಡು ಮೂರು ಎಣಿಸುವಷ್ಟು ಹೊತ್ತು ಮುಚ್ಚಳ ತೆಗೆದು ಮತ್ತೆ ಮುಚ್ಚಿದರಾಯಿತು. ಗುಡುಗು ಮಿಂಚು ಇರುವಾಗ ಮಾತ್ರ ತಾರಸಿಯ ಸಹವಾಸ ಬೇಡ. ಒಣಗಿದ ಮೇಲೆ ಜರಡಿ ಹಿಡಿದರೆ ಗುಳಿಗೆಗಳು ಉಳಿಯುತ್ತವೆ, ಅಳತೆಪಟ್ಟಿಯಿಟ್ಟು ಅಳೆಯಬಹುದು. ಆಗಸ್ಟಿನ ಗುಡುಗುಮಳೆ ನಿಂತು ಬಿಡಿಹನಿ ಬೀಳುವಾಗ ಒಮ್ಮೆ, ಸ್ವಾತಿ ಮಳೆಯಲ್ಲಿ ಒಮ್ಮೆ, ರಜೆಗೆ ಊರಿಗೆ ಹೋದಾಗ ಮಲೆನಾಡಿನ ಸೋನೆಯಲ್ಲಿ ಒಮ್ಮೆ ಹಿಡಿದು ಮೂರನ್ನೂ ಪಕ್ಕಪಕ್ಕ ಇಟ್ಟರೆ, ನಾವು ಬಿಟ್ಟು ಬಂದ ಮಳೆಗೂ ಬಂದು ಸೇರಿದ ಮಳೆಗೂ ಇರುವ ವ್ಯತ್ಯಾಸ ಮಕ್ಕಳ ಅಂಗೈಯಲ್ಲೇ ಇರುತ್ತದೆ. ಆಮೇಲೆ ಅವರು ಬರೆಯುವ ಚಿತ್ರದಲ್ಲಿ ಹನಿಗೆ ಬಾಲವಿರಲಿಕ್ಕಿಲ್ಲ.